ಪೈಥಾನ್ ಎಲ್ಲಿ ಹುಡುಕುತ್ತಿದೆ ಅಂತ ಮೊದಲು ಕೇಳಿ

ಫ್ಲಾಸ್ಕ್‌ನಲ್ಲಿ ಒಂದು ಸಣ್ಣ ವೆಬ್ ಆಪ್ ಮಾಡುತ್ತಿದ್ದೀರಿ. ಫ್ಲಾಸ್ಕ್ ಅಂದರೆ ಪೈಥಾನ್‌ನಲ್ಲಿ ವೆಬ್ ಆಪ್ ಕಟ್ಟಲು ಬಳಸುವ ಲೈಬ್ರರಿ. ರನ್ ಮಾಡಿದ ಕೂಡಲೇ ಟರ್ಮಿನಲ್ ಹೇಳುತ್ತದೆ: "ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ಫ್ಲಾಸ್ಕ್". ಸರಿ, ಇನ್‌ಸ್ಟಾಲ್ ಮಾಡೋಣ ಅಂತ "ಪಿಪ್ ಇನ್‌ಸ್ಟಾಲ್ ಫ್ಲಾಸ್ಕ್" ಹೊಡೆಯುತ್ತೀರಿ. ಪೈಥಾನ್ ಲೈಬ್ರರಿಗಳನ್ನು ತಂದು ಹಾಕುವ ಟೂಲ್ ಆದ ಪಿಪ್ ಉತ್ತರ ಕೊಡುತ್ತದೆ: "ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್ಫೈಡ್". ಅಂದರೆ ಅದು ಆಗಲೇ ಇದೆ. ಮತ್ತೆ ರನ್ ಮಾಡುತ್ತೀರಿ. ಮತ್ತೆ ಅದೇ ಎರರ್.

ಒಂದು ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಎರಡೂ ನಿಜವನ್ನೇ ಹೇಳುತ್ತಿವೆ. "ನೋ ಮಾಡ್ಯೂಲ್" ಅನ್ನುವ ಮಾತಿನ ಪೂರ್ತಿ ಅರ್ಥ "ನಾನು ಹುಡುಕಿದ ಜಾಗಗಳಲ್ಲಿ ಸಿಗಲಿಲ್ಲ" ಅಂತ. ಅದು ನಿಮ್ಮ ಇಡೀ ಕಂಪ್ಯೂಟರನ್ನು ಹುಡುಕಿರುವುದಿಲ್ಲ. ಹಾಗಾಗಿ ಇನ್ನೊಂದು ಸಲ ಇನ್‌ಸ್ಟಾಲ್ ಮಾಡುವ ಮೊದಲು ಅದನ್ನೇ ಕೇಳಬೇಕು: ಎಲ್ಲೆಲ್ಲಿ ಹುಡುಕಿದೆ?

ಹೊಸದಾಗಿ ಕಲಿಯುವವರು ಈ ಎರರ್ ಮುಂದೆ ಗಂಟೆಗಟ್ಟಲೆ ಕೂತು "ನನಗೆ ಕೋಡಿಂಗ್ ಬರಲ್ಲ ಅನ್ಸುತ್ತೆ" ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗೆಲ್ಲ ಬೇಜಾರಾಗುತ್ತದೆ. ಅವರ ಕೋಡ್ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ವಿಳಾಸ. ಅದನ್ನು ಸರಿಯಾಗಿ ಹೇಳಿಕೊಟ್ಟವರು ಯಾರೂ ಇರುವುದಿಲ್ಲ, ಅಷ್ಟೇ.

ಪೈಥಾನ್ ಹುಡುಕುವ ದಾರಿ

"ಇಂಪೋರ್ಟ್ ಫ್ಲಾಸ್ಕ್" ಅನ್ನುವ ಸಾಲು ಬಂದಾಗ ಪೈಥಾನ್ ಮೊದಲು ತನ್ನ ನೆನಪನ್ನು ನೋಡಿಕೊಳ್ಳುತ್ತದೆ. ಈ ಮಾಡ್ಯೂಲನ್ನು ಇದೇ ಓಟದಲ್ಲಿ ಆಗಲೇ ಒಮ್ಮೆ ತಂದಿದ್ದೀನಾ ಅಂತ. ಆ ನೆನಪಿನ ಪಟ್ಟಿಯ ಹೆಸರು "ಸಿಸ್.ಮಾಡ್ಯೂಲ್ಸ್". ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಲ್ಲಿ ಇಲ್ಲದಿದ್ದರೆ ತನ್ನೊಳಗೇ ಕಟ್ಟಿಕೊಂಡಿರುವ ಕೆಲವು ಮಾಡ್ಯೂಲ್‌ಗಳಲ್ಲಿ ನೋಡುತ್ತದೆ. ಅಲ್ಲೂ ಇಲ್ಲದಿದ್ದರೆ "ಸಿಸ್.ಪಾತ್" ಅನ್ನುವ ಪಟ್ಟಿಯನ್ನು ಹಿಡಿದು, ಅದರಲ್ಲಿರುವ ಫೋಲ್ಡರ್‌ಗಳಲ್ಲಿ ಒಂದೊಂದಾಗಿ ಹುಡುಕುತ್ತದೆ. ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ನಿಲ್ಲಿಸುತ್ತದೆ. ಮುಂದಿನ ಫೋಲ್ಡರ್‌ನಲ್ಲಿ ಇನ್ನೂ ಒಳ್ಳೆಯದು ಇದೆಯಾ ಅಂತ ನೋಡುವುದಿಲ್ಲ.

ಆ ಪಟ್ಟಿಯ ಮೊದಲ ಜಾಗದಲ್ಲಿ ಇರುವುದು ನೀವು ರನ್ ಮಾಡಿದ ಫೈಲ್ ಇರುವ ಫೋಲ್ಡರ್. ಟರ್ಮಿನಲ್‌ನಲ್ಲಿ ನೀವು ನಿಂತಿರುವ ಫೋಲ್ಡರ್ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಎರಡಕ್ಕೂ ವ್ಯತ್ಯಾಸ ಇದೆ. ಅದರ ನಂತರ "ಪೈಥಾನ್‌ಪಾತ್" ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ನೀವೇನಾದರೂ ಬರೆದಿದ್ದರೆ ಅದು. ಆಮೇಲೆ ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ. ಕೊನೆಗೆ ಪಿಪ್ ತಂದು ಇಡುವ "ಸೈಟ್-ಪ್ಯಾಕೇಜಸ್" ಫೋಲ್ಡರ್.

ಮೊದಲ ಪರೀಕ್ಷೆ ಹೀಗಿರಲಿ. ಎರರ್ ಕೊಡುವ ಸಾಲಿನ ಮೇಲೆ "ಇಂಪೋರ್ಟ್ ಸಿಸ್" ಅಂತ ಬರೆದು, "ಸಿಸ್.ಎಕ್ಸಿಕ್ಯೂಟಬಲ್" ಮತ್ತು "ಸಿಸ್.ಪಾತ್" ಎರಡನ್ನೂ ಪ್ರಿಂಟ್ ಮಾಡಿ. ಮೊದಲನೆಯದು ಯಾವ ಪೈಥಾನ್ ಓಡುತ್ತಿದೆ ಅಂತ ಹೇಳುತ್ತದೆ. ಎರಡನೆಯದು ಅದು ಎಲ್ಲಿ ಹುಡುಕುತ್ತಿದೆ ಅಂತ ಹೇಳುತ್ತದೆ. ನನ್ನ ಅನುಭವದಲ್ಲಿ ಜಾಸ್ತಿ ಸಲ ಉತ್ತರ ಇಲ್ಲೇ ಸಿಕ್ಕಿಬಿಡುತ್ತದೆ.

ಯಾವ ಪೈಥಾನ್?

ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ನಾಲ್ಕು ಪೈಥಾನ್ ಇರುವುದು ಸಾಮಾನ್ಯ. ಆಪರೇಟಿಂಗ್ ಸಿಸ್ಟಮ್ ಜೊತೆ ಬಂದದ್ದು ಒಂದು, ನೀವು ಡೌನ್‌ಲೋಡ್ ಮಾಡಿಕೊಂಡದ್ದು ಇನ್ನೊಂದು, ಅನಕೊಂಡಾ ತಂದದ್ದು ಮತ್ತೊಂದು. ಪ್ರತಿಯೊಂದಕ್ಕೂ ಅದರದೇ ಸೈಟ್-ಪ್ಯಾಕೇಜಸ್ ಇರುತ್ತದೆ. ಪಿಪ್ ಒಂದರ ಮನೆಗೆ ಸಾಮಾನು ಇಳಿಸಿದೆ, ನಿಮ್ಮ ಆಪ್ ಇನ್ನೊಂದರ ಮನೆಯಲ್ಲಿ ಓಡುತ್ತಿದೆ. ಒಂದು ಇದೆ, ಇನ್ನೊಂದು ಇಲ್ಲ ಅಂದದ್ದು ಇದಕ್ಕೇ.

ಇದನ್ನು ತಪ್ಪಿಸಲು ಸುಲಭದ ಒಂದು ಅಭ್ಯಾಸ ಇದೆ. ಬರೀ "ಪಿಪ್ ಇನ್‌ಸ್ಟಾಲ್" ಅನ್ನುವ ಬದಲು "ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಫ್ಲಾಸ್ಕ್" ಅಂತ ಹೊಡೆಯಿರಿ. ಆಗ ಯಾವ ಪೈಥಾನ್ ಈ ಮಾತನ್ನು ಕೇಳಿಸಿಕೊಂಡಿತೋ ಅದರ ಮನೆಗೇ ಫ್ಲಾಸ್ಕ್ ಹೋಗುತ್ತದೆ. ಆಪ್ ರನ್ ಮಾಡುವಾಗಲೂ ಅದೇ "ಪೈಥಾನ್" ಪದವನ್ನೇ ಬಳಸಿ. ಒಂದು ಕಡೆ "ಪೈಥಾನ್", ಇನ್ನೊಂದು ಕಡೆ "ಪೈಥಾನ್3" ಅಂತ ಬೆರೆಸಬೇಡಿ.

ಪ್ರಾಜೆಕ್ಟಿಗೊಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅಂದರೆ ಆ ಪ್ರಾಜೆಕ್ಟಿಗೆ ಮಾತ್ರ ಸೇರಿದ ಪೈಥಾನ್ ಮತ್ತು ಪ್ಯಾಕೇಜ್‌ಗಳ ಫೋಲ್ಡರ್. 2012ರಲ್ಲಿ ಬಂದ ಪೈಥಾನ್ 3.3ರಿಂದ ಅದನ್ನು ಮಾಡಿಕೊಡುವ "ವೆನ್ವ್" ಪೈಥಾನ್ ಜೊತೆಗೇ ಬರುತ್ತಿದೆ. ಆದರೆ ಅದನ್ನು ಆಕ್ಟಿವೇಟ್ ಮಾಡಿದಾಗ ಏನಾಗುತ್ತದೆ ಅಂತ ಹೇಳುವವರು ಕಡಿಮೆ. ಆಗುವುದು ಬಹಳ ಚಿಕ್ಕ ಕೆಲಸ. ಆ ಒಂದು ಟರ್ಮಿನಲ್‌ನಲ್ಲಿ ಮಾತ್ರ, "ಪೈಥಾನ್" ಅಂತ ಟೈಪ್ ಮಾಡಿದರೆ ವೆನ್ವ್ ಒಳಗಿನ ಪೈಥಾನ್ ಮೊದಲು ಸಿಗುವ ಹಾಗೆ ದಾರಿ ಬದಲಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದರೆ ಅದಕ್ಕೆ ಇದರ ಸುದ್ದಿಯೇ ಗೊತ್ತಿರುವುದಿಲ್ಲ. ವಿಎಸ್ ಕೋಡ್‌ನ ರನ್ ಬಟನ್‌ಗೂ ಗೊತ್ತಾಗದೇ ಇರಬಹುದು. ಅಲ್ಲಿ ಇಂಟರ್‌ಪ್ರಿಟರ್ ಯಾವುದು ಅಂತ ಬೇರೆಯಾಗಿಯೇ ಆರಿಸಿಕೊಡಬೇಕು. ಟರ್ಮಿನಲ್‌ನಲ್ಲಿ ಓಡುತ್ತದೆ, ಬಟನ್ ಒತ್ತಿದರೆ ಓಡುವುದಿಲ್ಲ ಅನ್ನುವ ದೂರಿಗೆ ಬಹುಪಾಲು ಇದೇ ಕಾರಣ.

ವೆನ್ವ್ ಬಗ್ಗೆ ಇನ್ನೊಂದು ವಿಷಯ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದರೊಳಗಿನ "ಪಿಪ್" ಒಂದು ಪುಟ್ಟ ಸ್ಕ್ರಿಪ್ಟ್. ಅದರ ಮೊದಲ ಸಾಲಿನಲ್ಲಿ ಪೈಥಾನ್‌ನ ಪೂರ್ತಿ ವಿಳಾಸ ಬರೆದಿರುತ್ತದೆ. ಪ್ರಾಜೆಕ್ಟ್ ಫೋಲ್ಡರಿನ ಹೆಸರು ಬದಲಾಯಿಸಿದರೆ, ಅಥವಾ ಗೆಳೆಯನ ಲ್ಯಾಪ್‌ಟಾಪ್‌ಗೆ ವೆನ್ವ್ ಸಮೇತ ಕಾಪಿ ಮಾಡಿದರೆ, ಆ ವಿಳಾಸದಲ್ಲಿ ಈಗ ಯಾರೂ ಇರುವುದಿಲ್ಲ. ಹಳೆ ಮನೆಯ ವಿಳಾಸಕ್ಕೆ ಪಾರ್ಸೆಲ್ ಕಳಿಸಿದ ಹಾಗೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ. ಅಳಿಸಿ ಹೊಸದು ಮಾಡಿಕೊಳ್ಳಿ, ಎರಡು ನಿಮಿಷದ ಕೆಲಸ.

ಉಬುಂಟು, ಡೆಬಿಯನ್‌ಗಳ ಹೊಸ ಆವೃತ್ತಿಗಳಲ್ಲಿ, 2023ರಿಂದೀಚೆಗೆ, ವೆನ್ವ್ ಇಲ್ಲದೆ ಪಿಪ್ ಓಡಿಸಿದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಅಂತ ತಡೆಯುತ್ತದೆ. ಅದನ್ನು ದಾಟಲು "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಅನ್ನುವ ಆಯ್ಕೆಯೂ ಇದೆ. ದಯವಿಟ್ಟು ಬೇಡ. ಆ ಪೈಥಾನನ್ನು ಸಿಸ್ಟಮ್ ತನ್ನ ಕೆಲಸಕ್ಕೆ ಇಟ್ಟುಕೊಂಡಿದೆ. ವೆನ್ವ್ ಮಾಡಿಕೊಳ್ಳಿ ಅಂತ ಅದು ಒಳ್ಳೆಯ ಮಾತಿನಲ್ಲೇ ಹೇಳುತ್ತಿದೆ.

ಹೆಸರಿನ ಗೊಂದಲ

ಇನ್‌ಸ್ಟಾಲ್ ಮಾಡುವ ಹೆಸರು, ಇಂಪೋರ್ಟ್ ಮಾಡುವ ಹೆಸರು ಒಂದೇ ಇರಬೇಕು ಅಂತ ಎಲ್ಲೂ ನಿಯಮ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಪಿಲ್ಲೋ, ಇಂಪೋರ್ಟ್ ಮಾಡುವಾಗ ಪಿಐಎಲ್. ಇನ್‌ಸ್ಟಾಲ್‌ಗೆ ಪೈಯಾಮಲ್, ಇಂಪೋರ್ಟ್‌ಗೆ ಯಾಮಲ್. ಜ್ಯಾಂಗೋರೆಸ್ಟ್‌ಫ್ರೇಮ್‌ವರ್ಕ್ ಅಂತ ಹಾಕಿಕೊಂಡು "ರೆಸ್ಟ್ ಅಂಡರ್‌ಸ್ಕೋರ್ ಫ್ರೇಮ್‌ವರ್ಕ್" ಅಂತ ಕರೆಯಬೇಕು. ಲಾಗಿನ್ ಟೋಕನ್‌ಗೆ ಬಳಸುವ ಜೆಡಬ್ಲ್ಯೂಟಿ ಕಥೆ ಇನ್ನೂ ಸೂಕ್ಷ್ಮ. ಬೇಕಾದ ಪ್ಯಾಕೇಜ್ ಹೆಸರು "ಪೈಜೆಡಬ್ಲ್ಯೂಟಿ". ಆದರೆ ಬರೀ "ಜೆಡಬ್ಲ್ಯೂಟಿ" ಅನ್ನುವ ಬೇರೆಯವರ ಪ್ಯಾಕೇಜೂ ಇದೆ, ಮತ್ತು ಇಂಪೋರ್ಟ್ ಮಾಡುವಾಗ ಎರಡಕ್ಕೂ ಒಂದೇ ಹೆಸರು! ಅದನ್ನು ಹಾಕಿಕೊಂಡರೆ ಇಂಪೋರ್ಟ್ ಆಗುತ್ತದೆ, ಆಮೇಲೆ "ಎನ್‌ಕೋಡ್ ಅನ್ನೋದು ಇಲ್ಲ" ಅಂತ ಎರರ್ ಬರುತ್ತದೆ. ಹಾಗಾಗಿ ಎರರ್‌ನಲ್ಲಿ ಕಂಡ ಹೆಸರನ್ನೇ ಸುಮ್ನೆ ಪಿಪ್‌ಗೆ ಕೊಡಬೇಡಿ. ಆ ಲೈಬ್ರರಿಯ ದಾಖಲೆ ತೆರೆದು ಇನ್‌ಸ್ಟಾಲ್ ಸಾಲನ್ನು ನೋಡಿಕೊಳ್ಳಿ. ಜನ ತಪ್ಪಾಗಿ ಟೈಪ್ ಮಾಡುವ ಹೆಸರುಗಳಲ್ಲಿ ಕೆಟ್ಟ ಕೋಡ್ ಇಟ್ಟು ಕಾಯುವವರೂ ಇದ್ದಾರೆ.

ಹೆಸರಿನ ಇನ್ನೊಂದು ಗೊಂದಲ ನಾವೇ ಮಾಡಿಕೊಳ್ಳುವುದು. ಫ್ಲಾಸ್ಕ್ ಕಲಿಯಲು ಕೂತವರು ಮೊದಲ ಫೈಲಿಗೆ "ಫ್ಲಾಸ್ಕ್.ಪೈ" ಅಂತ ಹೆಸರಿಡುತ್ತಾರೆ. ಮೇಲ್ ಕಳಿಸುವ ಕೋಡಿಗೆ "ಈಮೇಲ್.ಪೈ". ಸಹಜವೇ ಅಲ್ವಾ? ಆದರೆ ಪಟ್ಟಿಯಲ್ಲಿ ನಿಮ್ಮ ಫೋಲ್ಡರ್ ಮೊದಲು ಬರುತ್ತದೆ ಅಂತ ಆಗಲೇ ನೋಡಿದೆವು. ಒಂದೇ ಊರಲ್ಲಿ ಇಬ್ಬರು ಮಂಜುನಾಥ ಇದ್ದಾಗ, ಅಂಚೆಯವರು ಮೊದಲು ಸಿಕ್ಕ ಮಂಜುನಾಥನ ಕೈಗೇ ಕಾಗದ ಕೊಟ್ಟು ಹೋದ ಹಾಗೆ ಆಗುತ್ತದೆ. ಫ್ಲಾಸ್ಕ್ ಬೇಕು ಅಂದರೆ ನಿಮ್ಮ ಫೈಲೇ ನಿಮಗೆ ಸಿಗುತ್ತದೆ. ಈಮೇಲ್ ಪ್ರಕರಣ ಇದಕ್ಕಿಂತ ತಲೆನೋವಿನದು. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ "ಈಮೇಲ್" ಅನ್ನುವ ಪ್ಯಾಕೇಜ್ ಇದೆ. ಬೇರೆ ಲೈಬ್ರರಿಗಳು ಒಳಗೊಳಗೇ ಅದನ್ನು ಬಳಸುತ್ತವೆ. ನಿಮ್ಮ ಕೋಡಿಗೆ ಸಂಬಂಧವೇ ಇಲ್ಲದ ಯಾವುದೋ ಲೈಬ್ರರಿ "ಈಮೇಲ್ ಈಸ್ ನಾಟ್ ಎ ಪ್ಯಾಕೇಜ್" ಅಂತ ನಿಂತುಬಿಡುತ್ತದೆ. ಟೋಕನ್, ಸೀಕ್ರೆಟ್ಸ್, ಕ್ಯಾಲೆಂಡರ್, ಕ್ಯೂ, ಲಾಗಿಂಗ್ ಇವೆಲ್ಲ ಸ್ಟ್ಯಾಂಡರ್ಡ್ ಲೈಬ್ರರಿಯ ಹೆಸರುಗಳೇ. ವೆಬ್ ಆಪ್ ಮಾಡುವವರಿಗೆ ಇವನ್ನೇ ಇಡಬೇಕು ಅನಿಸುವುದೂ ನಿಜ.

ಇದನ್ನು ಹಿಡಿಯುವುದು ಕಷ್ಟ ಏನಲ್ಲ. "ಕೆನಾಟ್ ಇಂಪೋರ್ಟ್ ನೇಮ್" ಎರರ್‌ನ ಕೊನೆಯಲ್ಲಿ ಬ್ರ್ಯಾಕೆಟ್‌ನೊಳಗೆ ಒಂದು ಫೈಲಿನ ವಿಳಾಸ ಇರುತ್ತದೆ. ಎಲ್ಲರೂ ಓದದೆ ಬಿಡುವ ಜಾಗ ಅದು. ಅಲ್ಲಿ ಸೈಟ್-ಪ್ಯಾಕೇಜಸ್ ಬದಲು ನಿಮ್ಮ ಪ್ರಾಜೆಕ್ಟಿನ ಫೋಲ್ಡರ್ ಕಂಡರೆ ವಿಷಯ ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಮ್ಮ ಫೈಲಿಗೂ ಸ್ಟ್ಯಾಂಡರ್ಡ್ ಲೈಬ್ರರಿಗೂ ಒಂದೇ ಹೆಸರಿದೆ, ಬದಲಾಯಿಸಿ ನೋಡಿ ಅಂತ ತಾನೇ ಸೂಚಿಸುತ್ತದೆ.

ಒಬ್ಬರನ್ನೊಬ್ಬರು ಕಾಯುವ ಫೈಲ್‌ಗಳು

ಈಗ ಎಲ್ಲಕ್ಕಿಂತ ಜಾಸ್ತಿ ಜನರನ್ನು ಸುಸ್ತು ಮಾಡುವ ಎರರ್‌ಗೆ ಬರೋಣ. "ಕೆನಾಟ್ ಇಂಪೋರ್ಟ್ ನೇಮ್ ಡಿಬಿ ಫ್ರಮ್ ಪಾರ್ಷಿಯಲಿ ಇನಿಷಿಯಲೈಸ್ಡ್ ಮಾಡ್ಯೂಲ್ ಆಪ್". ಪೈಥಾನ್ 3.8ರಿಂದ ಇದರ ಕೊನೆಯಲ್ಲಿ "ಬಹುಶಃ ಸರ್ಕ್ಯುಲರ್ ಇಂಪೋರ್ಟ್ ಇರಬೇಕು" ಅನ್ನುವ ಸುಳಿವೂ ಬರುತ್ತದೆ.

ಇಂಪೋರ್ಟ್ ಅಂದರೆ ಆ ಫೈಲನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓಡಿಸುವುದು. ಓಡಿಸಲು ಶುರು ಮಾಡುವ ಮೊದಲೇ ಪೈಥಾನ್ ಆ ಹೆಸರನ್ನು ಸಿಸ್.ಮಾಡ್ಯೂಲ್ಸ್‌ನಲ್ಲಿ ಬರೆದುಕೊಂಡುಬಿಡುತ್ತದೆ. ಒಳಗೆ ಇನ್ನೂ ಏನೂ ತಯಾರಾಗಿರುವುದಿಲ್ಲ, ಹೆಸರು ಮಾತ್ರ ಇರುತ್ತದೆ.

ಈಗ ನಿಮ್ಮ "ಆಪ್.ಪೈ" ಫೈಲಿನ ಮೊದಲ ಸಾಲೇ "ಮಾಡೆಲ್ಸ್‌ನಿಂದ ಸ್ಟೂಡೆಂಟ್ ತಾ" ಅನ್ನುತ್ತದೆ ಅಂದುಕೊಳ್ಳಿ. ಡೇಟಾಬೇಸ್‌ನ "ಡಿಬಿ" ತಯಾರಾಗುವುದು ಅದರ ಕೆಳಗೆ. "ಫ್ಲಾಸ್ಕ್ ರನ್" ಅಂತ ಓಡಿಸಿದಾಗ ಪೈಥಾನ್ ಮಾಡೆಲ್ಸ್ ಫೈಲಿಗೆ ಹೋಗುತ್ತದೆ. ಅಲ್ಲಿ ಮೊದಲ ಸಾಲು "ಆಪ್‌ನಿಂದ ಡಿಬಿ ತಾ" ಅನ್ನುತ್ತದೆ. ಆಪ್ ಹೆಸರು ನೆನಪಿನ ಪಟ್ಟಿಯಲ್ಲಿ ಇದೆ, ಆದರೆ ಡಿಬಿ ಇನ್ನೂ ಹುಟ್ಟಿಲ್ಲ. ಹಿಟ್ಟು ರುಬ್ಬುವ ಮೊದಲೇ ದೋಸೆ ಕೇಳಿದ ಹಾಗೆ.

ಇಲ್ಲಿ ಒಂದು ತಿರುವು ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಆ ಇಂಪೋರ್ಟ್ ಸಾಲನ್ನು ಡಿಬಿಯ ಕೆಳಗೆ ಇಳಿಸಿದಿರಿ ಅಂದುಕೊಳ್ಳಿ. "ಫ್ಲಾಸ್ಕ್ ರನ್" ಅಂದರೆ ಓಡುತ್ತದೆ. "ಪೈಥಾನ್ ಆಪ್.ಪೈ" ಅಂದರೆ ಓಡುವುದಿಲ್ಲ! ಕೋಡ್ ಒಂದೇ, ಕರೆದ ರೀತಿ ಮಾತ್ರ ಬೇರೆ. ಯಾಕೆ? ನೇರವಾಗಿ ರನ್ ಮಾಡಿದ ಫೈಲಿಗೆ ಪೈಥಾನ್ ಅದರ ಸ್ವಂತ ಹೆಸರು ಕೊಡುವುದಿಲ್ಲ. "ಮೇನ್" ಅಂತ ಹೆಸರಿಡುತ್ತದೆ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಹಾಕಿ. ಮಾಡೆಲ್ಸ್ ಬಂದು "ಆಪ್" ಎಲ್ಲಿ ಅಂತ ಕೇಳಿದಾಗ ಆ ಹೆಸರಿನವರು ಪಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ಅದೇ ಫೈಲ್ ಎರಡನೇ ಸಲ, "ಆಪ್" ಅನ್ನುವ ಹೆಸರಿನಲ್ಲಿ, ಮೊದಲಿನಿಂದ ಓಡಲು ಶುರುವಾಗುತ್ತದೆ. ಅದು ಮತ್ತೆ ಮಾಡೆಲ್ಸ್‌ನಿಂದ ಸ್ಟೂಡೆಂಟ್ ಕೇಳುತ್ತದೆ. ಮಾಡೆಲ್ಸ್ ಇನ್ನೂ ತನ್ನ ಮೊದಲ ಸಾಲಿನಲ್ಲೇ ನಿಂತಿದೆ. ಅಲ್ಲಿಗೆ ಎರರ್. ನನಗೆ ಇದು ಅರ್ಥವಾದ ದಿನ, ಹಳೆಯ ಎಷ್ಟೋ ಒಗಟುಗಳು ಒಟ್ಟಿಗೆ ಬಿಡಿಸಿಕೊಂಡವು.

ಸಾಲುಗಳನ್ನು ಮೇಲೆ ಕೆಳಗೆ ಮಾಡುತ್ತಾ ಕೂರುವುದಕ್ಕಿಂತ, ಇಬ್ಬರಿಗೂ ಬೇಕಾದ ವಸ್ತುವನ್ನು ಮೂರನೆಯವರ ಮನೆಯಲ್ಲಿ ಇಡುವುದು ಒಳ್ಳೆಯದು. "ಎಕ್ಸ್‌ಟೆನ್ಷನ್ಸ್.ಪೈ" ಅಂತ ಒಂದು ಫೈಲ್ ಮಾಡಿ. ಅದರಲ್ಲಿ ಆಪ್‌ನ ಹಂಗಿಲ್ಲದೆ, ಖಾಲಿ "ಎಸ್‌ಕ್ಯೂಎಲ್ಆಲ್ಕೆಮಿ" (ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿಯದು) ಕರೆದು ಡಿಬಿ ತಯಾರಿಸಿ. ಮಾಡೆಲ್ಸ್ ಅಲ್ಲಿಂದ ತೆಗೆದುಕೊಳ್ಳಲಿ, ಆಪ್ ಕೂಡ ಅಲ್ಲಿಂದಲೇ ತೆಗೆದುಕೊಳ್ಳಲಿ. ಕೊನೆಗೆ ಆಪ್ ಒಳಗೆ "ಡಿಬಿ.ಇನಿಟ್ ಅಂಡರ್‌ಸ್ಕೋರ್ ಆಪ್" ಅಂತ ಕರೆದು ಎರಡನ್ನೂ ಜೋಡಿಸಿ. ಸುತ್ತು ತುಂಡಾಯಿತು. ವೆಬ್ ಆಪ್ ಕಟ್ಟುವ ಇನ್ನೊಂದು ಲೈಬ್ರರಿ ಜ್ಯಾಂಗೋದಲ್ಲಿ ಇದಕ್ಕೆ ಬೇರೆ ಅನುಕೂಲ ಇದೆ. ಒಂದು ಮಾಡೆಲನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀ ಬರೆಯುವಾಗ ಇನ್ನೊಂದು ಮಾಡೆಲನ್ನು ಇಂಪೋರ್ಟ್ ಮಾಡುವ ಬದಲು ಅದರ ಹೆಸರನ್ನು ಕೋಟ್ ಒಳಗೆ ಬರೆದರೆ ಸಾಕು, ಜ್ಯಾಂಗೋ ಆಮೇಲೆ ಹುಡುಕಿಕೊಳ್ಳುತ್ತದೆ. ಇಂಪೋರ್ಟ್ ಸಾಲನ್ನು ಫಂಕ್ಷನ್ ಒಳಗೆ ಹಾಕಿದರೂ ಎರರ್ ಹೋಗುತ್ತದೆ. ಅವಸರಕ್ಕೆ ಪರವಾಗಿಲ್ಲ. ಅದನ್ನೇ ಅಭ್ಯಾಸ ಮಾಡಿಕೊಂಡರೆ ಯಾವ ಫೈಲ್ ಯಾರನ್ನು ನಂಬಿಕೊಂಡಿದೆ ಅಂತಲೇ ತಿಳಿಯದ ಹಾಗಾಗುತ್ತದೆ.

ನಿನ್ನೆ ಓಡಿದ್ದು ಇವತ್ತು ಓಡುವುದಿಲ್ಲ

2023ರ ಸೆಪ್ಟೆಂಬರ್ 30ರಂದು ವರ್ಕ್‌ಝೋಯ್ಗ್ 3.0 ಬಂತು. ಫ್ಲಾಸ್ಕ್ ನಿಂತಿರುವುದೇ ಈ ಲೈಬ್ರರಿಯ ಮೇಲೆ. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಹತ್ಯಾರ ಅಂತ ಅರ್ಥ. ಹೊಸ ಆವೃತ್ತಿಯಲ್ಲಿ "ಯುಆರ್‌ಎಲ್ ಕೋಟ್" ಅನ್ನುವ ಹಳೆಯ ಫಂಕ್ಷನ್ ತೆಗೆದುಹಾಕಿದ್ದರು. ಫ್ಲಾಸ್ಕ್ 2.2 ಅದನ್ನು ಬಳಸುತ್ತಿತ್ತು. ತನಗೆ ವರ್ಕ್‌ಝೋಯ್ಗ್ 2.2.2 "ಅಥವಾ ಅದಕ್ಕಿಂತ ಹೊಸದು" ಸಾಕು ಅಂತಷ್ಟೇ ಅದು ಬರೆದುಕೊಂಡಿತ್ತು, ಮೇಲಿನ ಮಿತಿ ಹಾಕಿರಲಿಲ್ಲ. ಅವತ್ತಿನ ನಂತರ ಹೊಸದಾಗಿ ಇನ್‌ಸ್ಟಾಲ್ ಮಾಡಿದವರಿಗೆ ಪಿಪ್ 3.0 ತಂದುಕೊಟ್ಟಿತು. ಒಂದಕ್ಷರ ಕೋಡ್ ಬದಲಾಗದೆ ಆಪ್‌ಗಳು "ಕೆನಾಟ್ ಇಂಪೋರ್ಟ್ ನೇಮ್ ಯುಆರ್‌ಎಲ್ ಕೋಟ್" ಅಂತ ನಿಂತವು.

ಇಲ್ಲಿ "ನೋ ಮಾಡ್ಯೂಲ್" ಮತ್ತು "ಕೆನಾಟ್ ಇಂಪೋರ್ಟ್ ನೇಮ್" ಇವೆರಡರ ವ್ಯತ್ಯಾಸ ನೋಡಿ. ಮೊದಲನೆಯದರಲ್ಲಿ ಮನೆಯೇ ಸಿಗಲಿಲ್ಲ. ಎರಡನೆಯದರಲ್ಲಿ ಮನೆ ಸಿಕ್ಕಿತು, ಆ ಹೆಸರಿನವರು ಒಳಗೆ ಇಲ್ಲ. ಎರಡನೆಯದು ಬಂದು, ಎರರ್ ಹಾದುಬಂದ ಫೈಲ್‌ಗಳನ್ನು ತೋರಿಸುವ ಟ್ರೇಸ್‌ಬ್ಯಾಕ್‌ನ ಕೊನೆಯ ಫೈಲ್ ಸೈಟ್-ಪ್ಯಾಕೇಜಸ್ ಒಳಗೆ ಇದ್ದರೆ, ಹೆಚ್ಚಾಗಿ ಎರಡು ಲೈಬ್ರರಿಗಳ ವರ್ಷನ್ ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಅರ್ಥ. 2022ರ ಮಾರ್ಚ್‌ನಲ್ಲಿ ಫ್ಲಾಸ್ಕ್ ಬಳಸುವ ಟೆಂಪ್ಲೇಟ್ ಲೈಬ್ರರಿ ಜಿಂಜಾ 3.1 ಬಂದಾಗ ಹಳೆಯ ಫ್ಲಾಸ್ಕ್ 1.1 ಬಳಸುತ್ತಿದ್ದವರಿಗೆ "ಎಸ್ಕೇಪ್" ಸಿಗದೆ ಹೀಗೇ ಆಗಿತ್ತು. ಜ್ಯಾಂಗೋ 4.0ರಲ್ಲಿ "ಯುಗೆಟ್‌ಟೆಕ್ಸ್ಟ್" ಹೋಯಿತು. ಪೈಥಾನ್ 3.12ರಲ್ಲಿ "ಡಿಸ್ಟ್‌ಯುಟಿಲ್ಸ್" ಮಾಡ್ಯೂಲೇ ಹೋಯಿತು. ಹಳೆಯ ಟ್ಯುಟೋರಿಯಲ್ ನೋಡಿಕೊಂಡು ಹೊಸ ಪೈಥಾನ್‌ನಲ್ಲಿ ಕೂತವರಿಗೆ ಇವು ಖಂಡಿತ ಎದುರಾಗುತ್ತವೆ.

ಆಪ್ ಸರಿಯಾಗಿ ಓಡುತ್ತಿರುವ ದಿನವೇ "ಪಿಪ್ ಫ್ರೀಜ್" ಮಾಡಿ, ಬಂದ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಇಟ್ಟುಬಿಡಿ. ಫ್ಲಾಸ್ಕ್ ಜೊತೆ ಅದು ಎಳೆದುಕೊಂಡು ಬಂದವುಗಳ ವರ್ಷನ್ ಕೂಡ ಅದರಲ್ಲಿ ಇರುತ್ತದೆ. ಹೊಸ ವರ್ಷನ್‌ಗೆ ನೀವು ಹೋಗಬೇಕು ಅಂದಾಗ ಹೋಗಿ, ಅದಾಗಿಯೇ ಬಂದು ಕೂರುವುದು ಬೇಡ.

ಫೋಲ್ಡರ್ ಒಳಗೆ ಫೋಲ್ಡರ್

ಪ್ರಾಜೆಕ್ಟ್ ಬೆಳೆದು "ವೆಬ್" ಅನ್ನುವ ಫೋಲ್ಡರಿನೊಳಗೆ ಆಪ್ ಮತ್ತು ಮಾಡೆಲ್ಸ್ ಹೋದಾಗ ಇನ್ನೊಂದು ಎರರ್ ಶುರುವಾಗುತ್ತದೆ. ಹೊರಗಿನ ಫೋಲ್ಡರಿನಲ್ಲಿ ನಿಂತು "ಪೈಥಾನ್ ವೆಬ್/ಆಪ್.ಪೈ" ಅಂತೀರಿ. ಕೋಡಿನಲ್ಲಿ "ವೆಬ್.ಮಾಡೆಲ್ಸ್‌ನಿಂದ" ಅಂತ ಬರೆದಿದ್ದೀರಿ. ವೆಬ್ ಅನ್ನೋದು ಇಲ್ಲ ಅನ್ನುತ್ತದೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಅನಿಸುತ್ತದೆ, ಆದರೆ ಲೆಕ್ಕ ಸರಿಯಾಗಿದೆ. ಹುಡುಕುವ ಪಟ್ಟಿಯ ಮೊದಲ ಜಾಗದಲ್ಲಿ ಇರುವುದು ವೆಬ್ ಫೋಲ್ಡರ್, ಅದರೊಳಗೆ ಇನ್ನೊಂದು ವೆಬ್ ಇಲ್ಲ. ಅದೇ ಜಾಗದಲ್ಲಿ ನಿಂತು "ಪೈಥಾನ್ -ಎಂ ವೆಬ್.ಆಪ್" ಅನ್ನಿ. ಹೀಗೆ ಕರೆದಾಗ ನೀವು ನಿಂತ ಫೋಲ್ಡರೇ ಪಟ್ಟಿಯ ಮೊದಲಿಗೆ ಬರುತ್ತದೆ. "ಅಟೆಂಪ್ಟೆಡ್ ರಿಲೇಟಿವ್ ಇಂಪೋರ್ಟ್ ವಿತ್ ನೋ ನೋನ್ ಪೇರೆಂಟ್ ಪ್ಯಾಕೇಜ್" ಎರರ್‌ಗೂ ಮದ್ದು ಇದೇ. ಕೋಡಿನಲ್ಲಿ ಸಿಸ್.ಪಾತ್‌ಗೆ ಕೈಯಾರೆ ಫೋಲ್ಡರ್ ಸೇರಿಸುವ ಸಾಲು ಹಾಕುವುದು ನನಗೆ ಇಷ್ಟವಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಸರ್ವರ್‌ನಲ್ಲಿ ಕೈ ಕೊಡುತ್ತದೆ.

ಸರ್ವರ್ ಅಂದಾಗ ಒಂದು ರಾತ್ರಿ ನೆನಪಾಗುತ್ತದೆ. ಉಬುಂಟು ಸರ್ವರ್ ಮೇಲೆ ಒಂದು ಫ್ಲಾಸ್ಕ್ ಆಪ್ ಹಾಕುತ್ತಿದ್ದೆ. ಬೆಳಿಗ್ಗೆ ತೋರಿಸಬೇಕಿತ್ತು. ವೆನ್ವ್ ಆಕ್ಟಿವೇಟ್ ಮಾಡಿ ಕೈಯಿಂದ ಓಡಿಸಿದರೆ ಸರಿ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆ ಕೆಲಸಗಳನ್ನು ನಡೆಸುವ ವ್ಯವಸ್ಥೆ) ಸರ್ವಿಸ್ ಮಾಡಿ, ಪೈಥಾನ್ ವೆಬ್ ಆಪ್ ಓಡಿಸುವ ಗುನಿಕಾರ್ನ್ ಮೂಲಕ ಓಡಿಸಿದರೆ "ನೋ ಮಾಡ್ಯೂಲ್ ನೇಮ್ಡ್ ಫ್ಲಾಸ್ಕ್". ಮೂರು ಸಲ ಫ್ಲಾಸ್ಕ್ ಮತ್ತೆ ಹಾಕಿದೆ. ವೆನ್ವ್ ಅಳಿಸಿ ಹೊಸದಾಗಿ ಮಾಡಿದೆ. ರಾತ್ರಿ ಒಂದು ಗಂಟೆ ದಾಟಿದ ಮೇಲೆ ಸಿಸ್.ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಬೇಕು ಅಂತ ಹೊಳೆಯಿತು. ಲಾಗ್‌ನಲ್ಲಿ ಬಂದದ್ದು ಸಿಸ್ಟಮ್‌ನ ಪೈಥಾನ್ ವಿಳಾಸ. ಗುನಿಕಾರ್ನ್ ಅನ್ನು ನಾನು ಯಾವಾಗಲೋ ಉಬುಂಟುವಿನ ಇನ್‌ಸ್ಟಾಲರ್ ಎಪಿಟಿ ಮೂಲಕ ಹಾಕಿದ್ದೆ. ಅದು ಸಿಸ್ಟಮ್ ಪೈಥಾನ್‌ಗೆ ಸೇರಿದ್ದು. ನನ್ನ ಟರ್ಮಿನಲ್‌ನಲ್ಲಿ ಮಾಡಿದ ಆಕ್ಟಿವೇಟ್ ಸಿಸ್ಟಮ್‌ಡಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ವೆನ್ವ್ ಒಳಗೆ ಗುನಿಕಾರ್ನ್ ಹಾಕಿದೆ. ಸರ್ವಿಸ್ ಫೈಲಿನ "ಎಕ್ಸೆಕ್‌ಸ್ಟಾರ್ಟ್" ಸಾಲಿನಲ್ಲಿ ವೆನ್ವ್‌ನ ಬಿನ್ ಫೋಲ್ಡರಿನಲ್ಲಿರುವ ಗುನಿಕಾರ್ನ್‌ನ ಪೂರ್ತಿ ವಿಳಾಸ ಬರೆದೆ. "ವರ್ಕಿಂಗ್‌ಡೈರೆಕ್ಟರಿ" ಸಾಲಿನಲ್ಲಿ ಪ್ರಾಜೆಕ್ಟ್ ಫೋಲ್ಡರ್ ಮೊದಲೇ ಕೊಟ್ಟಿದ್ದೆ. ಅದು ಇಲ್ಲದಿದ್ದರೆ ಎರರ್ "ನೋ ಮಾಡ್ಯೂಲ್ ನೇಮ್ಡ್ ಆಪ್" ಅಂತ ಬರುತ್ತಿತ್ತು. ಸರ್ವಿಸ್ ರೀಸ್ಟಾರ್ಟ್ ಮಾಡಿ ಬ್ರೌಸರ್ ತೆರೆದೆ. ಲಾಗಿನ್ ಪುಟ ಬಂತು.